ಸಹಾಯ ಬೇಕು: ಜಿಪ್ ಇರುವ ‘ಸ್ಟಿಕಿ ಫಿಂಗರ್ಸ್’ ಕವರ್‌ಗೆ ಫ್ರೇಮ್
ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ 1971ರ ಎಲ್‌ಪಿ (ವಿನೈಲ್ ರೆಕಾರ್ಡ್). ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಕಲ್ಪನೆಯ ಕವರ್, ಜೀನ್ಸ್ ಫೋಟೊದ ಮೇಲೆ ನಿಜವಾದ ಲೋಹದ ಜಿಪ್. ರಾಕ್ ಕವರ್‌ಗಳಲ್ಲಿ ನನಗೆ ಇದಕ್ಕಿಂತ ಇಷ್ಟವಾದದ್ದು ಬೇರೊಂದಿಲ್ಲ.

ಜಿಪ್ ಪೂರ್ತಿ ಮೇಲಿದ್ದರೆ, ಒತ್ತಾಗಿ ಜೋಡಿಸಿದಾಗ ಅದರ ತುದಿ ರೆಕಾರ್ಡಿನ ಗೆರೆಗಳ ಮೇಲೆ ಒತ್ತಿ ಹಾಡು ಕೆಡುತ್ತದೆ. ಆಗಲೇ ಈ ತೊಂದರೆ ಕಂಡು, ಒತ್ತಡ ನಡುವಿನ ಲೇಬಲ್ ಮೇಲೆ ಬೀಳಲಿ ಅಂತ ಜಿಪ್ಪನ್ನು ಅರ್ಧಕ್ಕೆ ಇಳಿಸಿ ಸಾಗಿಸಿದ್ದರು. ನಾನೂ ಹಾಗೇ ಇಳಿಸಿಟ್ಟು, ರೆಕಾರ್ಡನ್ನು ಬೇರೆ ಬಿಳಿ ಕವರ್‌ಗೆ ಹಾಕಿದ್ದೇನೆ.

ಈಗ ಕವರ್ ಮಾತ್ರ ಗೋಡೆಗೆ ಹಾಕಬೇಕು. ಬದಿ ಸುಮಾರು 31.5 ಸೆಂ.ಮೀ. ಮಾಮೂಲಿ ಫೋಟೊ ಫ್ರೇಮ್ ಆಗಲ್ಲ, ಗಾಜು ಜಿಪ್ಪಿಗೆ ತಾಗಿ ರಟ್ಟು ಹಿಂದಕ್ಕೆ ಉಬ್ಬುತ್ತದೆ. ಒಳಗೆ ಕನಿಷ್ಠ 1 ಸೆಂ.ಮೀ. ಆಳ, ಆಮ್ಲರಹಿತ ಮೌಂಟ್ ಬೋರ್ಡ್, ನಾಲ್ಕು ಮೂಲೆಗೂ ಪಾರದರ್ಶಕ ಹಿಡಿಕೆ ಬೇಕು. ಅಂಟು, ಡಬಲ್ ಟೇಪ್ ಖಂಡಿತ ಬೇಡ. ಬೆಂಗಳೂರಲ್ಲಿ ಇಂಥದ್ದನ್ನು ಅಳತೆಗೆ ಮಾಡಿಕೊಡುವವರು ಯಾರಾದರೂ ಗೊತ್ತಾ? ಯುವಿ ತಡೆಯುವ ಅಕ್ರಿಲಿಕ್ ಶೀಟ್ ಅವರಲ್ಲೇ ಸಿಗುತ್ತಾ?

ಇನ್ನೊಂದು, ಜಿಪ್ಪಿನ ಹಲ್ಲುಗಳಲ್ಲಿ ಕಿಲುಬು ಶುರುವಾಗಿದೆ. ಎಣ್ಣೆ ಹಾಕಿದರೆ ರಟ್ಟು ಹೀರಿಕೊಂಡು ಕಲೆ ಉಳಿಯುತ್ತದೆ. ಒಣ ಬ್ರಷ್ ಸಾಕಾ, ಅಥವಾ ಬೇರೆ ದಾರಿ ಇದೆಯಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.