ಗಂಬೋರೊ, ಲಸೋಟಾ ಒಂದೇ ನೀರಿಗೆ ಬೆರೆಸಬಹುದಾ?

ಪ್ರಶ್ನೆ: ಡಾಕ್ಟ್ರೇ, 2,000 ಬ್ರಾಯ್ಲರ್ ಮರಿಗಳಿಗೆ ನಾಳಿದ್ದು 14 ದಿನ. ಮೊದಲ ದಿನವೇ ಹ್ಯಾಚರಿಯಲ್ಲಿ ಕೊಕ್ಕರೆ ರೋಗ ಮತ್ತು ಐಬಿಯ (ಶ್ವಾಸನಾಳಕ್ಕೆ ತಗಲುವ ವೈರಸ್ ರೋಗ) ಜೋಡಿ ಲಸಿಕೆ ಸ್ಪ್ರೇ ಆಗಿದೆ. ಗಂಬೋರೊ ರೋಗದ ಲಸಿಕೆ, ಕೊಕ್ಕರೆ ರೋಗದ್ದೇ ಇನ್ನೊಂದು ಲಸಿಕೆಯಾದ ಲಸೋಟಾ ಬಾಕಿ. ಎರಡೆರಡು ಸಲ ನೀರು ನಿಲ್ಲಿಸುವ ಬದಲು ಒಟ್ಟಿಗೇ ಹಾಕಿದರೆ ಆಗುತ್ತಾ? ಹ್ಯಾಚರಿಯಲ್ಲೂ ಎರಡು ಸೇರಿಸಿಯೇ ಕೊಟ್ಟಿದ್ದಾರಲ್ಲ.

ಪಶುವೈದ್ಯರ ಉತ್ತರ: ಬೇಡ. ಬೇರೆ ಬೇರೆ ಬಾಟಲಿಯ ಜೀವಂತ ಲಸಿಕೆಗಳನ್ನು ನಾವೇ ಬೆರೆಸಬಾರದು. ಜೋಡಿ ಲಸಿಕೆಯ ಲೆಕ್ಕವೇ ಬೇರೆ. ಐಬಿ ವೈರಸ್, ಕೊಕ್ಕರೆ ರೋಗದ ವೈರಸ್ ಎರಡೂ ಶ್ವಾಸನಾಳದ ಒಳಪದರದಲ್ಲೇ ಬೆಳೆಯುತ್ತವೆ. ಪ್ರಮಾಣ ಏರುಪೇರಾದರೆ ಐಬಿ ಜಾಗ ಹಿಡಿದು ಇನ್ನೊಂದನ್ನು ಬೆಳೆಯಗೊಡುವುದಿಲ್ಲ. ಹಾಗಾಗಿ ತಯಾರಕರೇ ಎರಡನ್ನೂ ಸರಿತೂಗಿಸಿ ಒಂದೇ ಬಾಟಲಿಗೆ ತುಂಬಿರುತ್ತಾರೆ.

ಗಂಬೋರೊ ಲಸಿಕೆ ಹೋಗಿ ಸೇರುವುದು ಬರ್ಸಾಕ್ಕೆ. ರೋಗದ ವಿರುದ್ಧ ಪ್ರತಿಕಾಯ ಮಾಡುವ ಕಣಗಳು ಬಲಿಯುವ ಗ್ರಂಥಿ ಅದು. ಲಸಿಕೆಯ ತಳಿ ಖಾರವಾದಷ್ಟೂ ಬರ್ಸಾಕ್ಕೆ ಪೆಟ್ಟು ಹೆಚ್ಚು, ಆಗ ಲಸೋಟಾ ಸರಿಯಾಗಿ ಹತ್ತುವುದಿಲ್ಲ. ಗಂಬೋರೊ 14ಕ್ಕೆ ಕೊಡಿ, ಲಸೋಟಾ 21ಕ್ಕೆ ಇಟ್ಟುಕೊಳ್ಳಿ.

ನೀರಿನ ಅಳತೆ: ಸಾವಿರ ಮರಿಗೆ, ವಯಸ್ಸು ಎಷ್ಟು ದಿನವೋ ಅಷ್ಟು ಲೀಟರ್. ನಿಮಗೆ 28 ಲೀಟರ್. ಕ್ಲೋರಿನ್ ಹಿಂದಿನ ದಿನದಿಂದಲೇ ನಿಲ್ಲಿಸಿ. ಲೀಟರಿಗೆ 2.5 ಗ್ರಾಂನಂತೆ 70 ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿ 20 ನಿಮಿಷ ಬಿಡಿ, ಆಮೇಲೆ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿಯೇ ಮುಚ್ಚಳ ತೆಗೆಯಿರಿ. ಮುಂಜಾನೆಯ ತಂಪಿನಲ್ಲಿ, ಒಂದೂವರೆ ಗಂಟೆ ಬಾಯಾರಿಸಿದರೆ ಸಾಕು. ಕೊಟ್ಟ ನೀರು ಎರಡು ಗಂಟೆಯೊಳಗೆ ಮುಗಿಯಬೇಕು. ಅರ್ಧ ಗಂಟೆಗೇ ಖಾಲಿಯಾದರೆ ಬಲವಾದ ಮರಿಗಳು ಕುಡಿದು, ಬಡ ಮರಿಗಳಿಗೆ ಸಿಕ್ಕಿಲ್ಲ ಎಂದೇ ಅರ್ಥ. ಲಸಿಕೆಗೆಂದೇ ಬರುವ ನೀಲಿ ಬಣ್ಣ ಹಾಕಿದ್ದರೆ ಶೆಡ್ಡಿನ ಮೂಲೆಗಳಿಂದಲೂ ಹಿಡಿದು ನೂರು ಮರಿಗಳ ನಾಲಿಗೆ ನೋಡಿ. ತೊಂಬತ್ತಕ್ಕಾದರೂ ನೀಲಿ ಹತ್ತಿರಬೇಕು.

ಪ್ರಶ್ನೆ: ಹಾಗಾದರೆ ಮೊದಲ ವಾರದಲ್ಲಿ ಕೊಕ್ಕರೆ ರೋಗಕ್ಕೆ ಕಣ್ಣಿಗೆ ಹನಿ, ಕತ್ತಿಗೆ ಇಂಜೆಕ್ಷನ್ ಒಂದೇ ದಿನ ಮಾಡುತ್ತಾರಲ್ಲ, ಅದೂ ತಪ್ಪಾ?

ಉತ್ತರ: ಅದು ತಪ್ಪಲ್ಲ, ಒಳ್ಳೆಯ ಜೋಡಿಯೇ. ಇಂಜೆಕ್ಷನ್ನಿನದು ಎಣ್ಣೆಯಲ್ಲಿ ಬೆರೆಸಿದ, ಕೊಂದ ವೈರಸ್, ಮೈಯಲ್ಲಿ ಬೆಳೆಯುವುದಿಲ್ಲ, ಜಾಗಕ್ಕೆ ಪೈಪೋಟಿಯೂ ಇಲ್ಲ. ಹನಿ ಕಣ್ಣು, ಶ್ವಾಸನಾಳ ಕಾಯುತ್ತದೆ, ಇಂಜೆಕ್ಷನ್ ರಕ್ತದಲ್ಲಿ ಪ್ರತಿಕಾಯ ಹೆಚ್ಚಿಸುತ್ತದೆ. ಆದರೆ ಆ ಎಣ್ಣೆ ಲಸಿಕೆಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಚುಚ್ಚಬೇಡಿ. ತಣ್ಣಗೆ ಗಟ್ಟಿಯಾಗಿದ್ದರೆ ಸಿರಿಂಜಿನಲ್ಲಿ ಅಳತೆ ತಪ್ಪುತ್ತದೆ, ಕತ್ತಿನಲ್ಲಿ ಗಂಟೂ ಏಳುತ್ತದೆ.