ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್) ಲೆಕ್ಕ 7 ದಿನಕ್ಕ 38 ಎಂಪಿಎ (ಮೆಗಾಪ್ಯಾಸ್ಕಲ್) ಬಲ ತೋರಸ್ತೈತಿ, ಒತ್ತಿ ನೋಡೂ ಕಾಂಕ್ರೀಟ್ ಕ್ಯೂಬ್ 22ಕ್ಕ ಒಡೀತಾವ. ಯಾಕ?

ಕೃಷ್ಣಾತೀರ (ಬಾಗಲಕೋಟೆ)
ಎಂ 30 ಮಿಕ್ಸ್ (28 ದಿನಕ್ಕ 30 ಎಂಪಿಎ ದರ್ಜೆ). ಘನ ಮೀಟರಿಗೆ ಪಿಪಿಸಿ 350 ಕೆಜಿ, ನೀರು 150 ಲೀಟರ್. ಚೀಲದ ಮ್ಯಾಲ ಹಾರುಬೂದಿ 30% ಅಂತ ಐತಿ. ಎಕ್ಸೆಲ್‌ನಾಗ ಬಲ ಅಂದಾಜಿಸೂ ಪವರ್ಸ್ ಸೂತ್ರ ಕೂಡಿಸೀನಿ: ಜೆಲ್-ಜಾಗ ಅನುಪಾತ = 0.68 ಆಲ್ಫಾ ÷ (0.32 ಆಲ್ಫಾ + ನೀರು/ಸಿಮೆಂಟ್). ಆಲ್ಫಾ ಅಂದ್ರ ನೀರಿನ ಜೋಡಿ ಕ್ರಿಯೆ ಮುಗಿಸಿದ ಸಿಮೆಂಟಿನ ಪಾಲು, ಜೆಲ್ ಅಂದ್ರ ಆ ಕ್ರಿಯೆಯಿಂದ ಹುಟ್ಟೂ ಅಂಟು. ಆ ಅನುಪಾತದ ಘನಕ್ಕ 98 ಗುಣಸ್ತೀನಿ. 98 ಬಂದದ್ದು ಹಳೇ ಒಪಿಸಿ (ಬೂದಿ ಇಲ್ಲದ ಸಾದಾ ಸಿಮೆಂಟ್) ಕ್ಯೂಬ್‌ಗಳಿಂದ. 7 ದಿನದ ಆಲ್ಫಾ 0.70, ಉತ್ತರ 38 ಎಂಪಿಎ. ಕ್ಯೂಬ್ ಮಾತ್ರ 22 ದಾಟವಲ್ಲವು. ತೊಟ್ಟಿ ನೀರು 27 ಡಿಗ್ರಿ ಬರೋಬ್ಬರಿ ಐತಿ.

ಗುಮ್ಮಟನಗರಿ
ಪೂರಾ 350 ಕೆಜಿನೂ ಕ್ಲಿಂಕರ್ (ಸಿಮೆಂಟಿನ ಸುಟ್ಟ ಮೂಲವಸ್ತು) ಅಂತ ಹಿಡದೀರಿ, ಅಲ್ಲೇ ಎಡವಟ್ಟು. ಬೂದಿ 105 ಹೋದ್ರ, ಜಿಪ್ಸಮ್ ಕೂಡಿ ಕ್ಲಿಂಕರ್ ಉಳಿಯೂದು 245. ಬೂದಿ ಕೆಲಸಕ್ಕ ಇಳಿಬೇಕಂದ್ರ ಸುಣ್ಣ ಬೇಕು. ಆ ಸುಣ್ಣ ಹುಟ್ಟೂದು ಕ್ಲಿಂಕರ್ ನೀರು ಕುಡದ ಮ್ಯಾಲ. ಮೊದಲ ವಾರ ಬೂದಿ ಹೆಚ್ಚೂಕಡಿಮಿ ಸಣ್ಣ ಉಸುಕಿನಂಗ ಸುಮ್ಮನ ಕುಂತಿರತೈತಿ. ನೀರು/ಕ್ಲಿಂಕರ್ ಅನುಪಾತ 150/245, ಅಂದ್ರ 0.61. ಅದ ಆಲ್ಫಾ ಇಟ್ಟು ನೋಡ್ರಿ, 18 ಬರತೈತಿ.

ಕೃಷ್ಣಾತೀರ
ಈಗ ಕ್ಯೂಬಿಗಿಂತ ಕೆಳಗ ಹೋತಲ್ರಿ?

ಗುಮ್ಮಟನಗರಿ
ಹೋಗಬೇಕ. ಬೂದಿ ಕಣದ ಮೈಮ್ಯಾಲೂ ಜೆಲ್ ಹುಟ್ಟಾಕ ಜಾಗ ಸಿಗತೈತಿ, ಕ್ಲಿಂಕರಿನ ಪಾಲಿಗೆ ನೀರೂ ಹೆಚ್ಚು. ಅದಕ್ಕ ಅದರ ಆಲ್ಫಾ ಒಪಿಸಿಗಿಂತ ಏರತೈತಿ. 0.75 ಇಟ್ರ 21 ಬರತೈತಿ. ಹಂಗಂತ ಕ್ಯೂಬಿಗೆ ಹೊಂದೂ ಅಂಕಿ ತುಂಬೂದು ಲೆಕ್ಕಲ್ಲ, ಕಾಪಿ ಹೊಡಿಯೂದು. ಆಲ್ಫಾ ಅಳೀರಿ.

ಕುಂದಾನಗರಿ
27 ಡಿಗ್ರಿಗೆ ಇಟ್ಟ ಐಸೋಥರ್ಮಲ್ ಕ್ಯಾಲೊರಿಮೀಟರ್ (ಕ್ರಿಯೆಯ ಬಿಸಿ ಅಳೆಯೂ ಯಂತ್ರ) ಸಿಕ್ರ ಛಲೋ. ಇಲ್ಲಂದ್ರ ಪೇಸ್ಟ್ ಕುಟ್ಟಿ, ಐಸೊಪ್ರೊಪನಾಲ್‌ನಾಗ ನೆನೆಸಿ ಕ್ರಿಯೆ ನಿಲ್ಲಸ್ರಿ, 105ಕ್ಕ ಒಣಗಿಸಿ 1000ಕ್ಕ ಸುಡ್ರಿ; ಆಗ ಇಳಿದ ತೂಕನ ಕ್ರಿಯೆಗೆ ಹೋದ ನೀರು. ಒಂದು ಗ್ರಾಂ ಕ್ಲಿಂಕರಿಗೆ 0.23 ಗ್ರಾಂ ನೀರು ಹೋದ್ರ ಆಲ್ಫಾ 1. ಪಿಪಿಸಿಯೊಳಗ ಬೂದಿಯ ಇಂಗಾಲನೂ ಉರದು ನೀರಿನ ಲೆಕ್ಕಕ್ಕ ಸೇರತೈತಿ. ಒಣ ಸಿಮೆಂಟಿನ ನಷ್ಟ ಬ್ಯಾರೆ ಅಳದು ಕಳೀರಿ.

ಆಧಾರ ಉಷ್ಣತೆ, ಅಂದ್ರ ಎಕ್ಸೆಲ್ ಹಾಳಿ ದಿನಗಳ್ನ ಯಾವ ಉಷ್ಣತೆಗೆ ಸರಿಗಟ್ಟತೈತಿ, ಅದನ್ನೂ ನೋಡ್ರಿ. ಹೊರದೇಶದ ಹಾಳಿಗಳು ಬಹಳಷ್ಟು 20 ಡಿಗ್ರಿ ಹಿಡೀತಾವ, ನಮ್ಮ ಐಎಸ್ (ಭಾರತೀಯ ಮಾನಕ) ಕ್ಯೂಬ್ 27ಕ್ಕ. ಆಕ್ಟಿವೇಶನ್ ಎನರ್ಜಿ (ಬಿಸಿಗೆ ಕ್ರಿಯೆ ಎಷ್ಟು ಜೋರಾಗತೈತಿ ಅನ್ನೂ ಅಂಕಿ) ಮೋಲಿಗೆ 40 ಕಿಲೋಜೂಲ್ ಇದ್ರ 27ರ 7 ದಿನ 20ರ 10 ದಿನಕ್ಕ ಸಮ. ಆಲ್ಫಾ ದಿನದಿನಕ್ಕ ಏರೂ ವಕ್ರರೇಖೆ 27ರಾಗ ಅಳದು ಆಧಾರ 20 ಬಿಟ್ರ ಮೂರು ದಿನ ಪುಕ್ಕಟೆ ಸೇರಕೊಂತಾವ.

ವಿಜಯಪುರದ ಬ್ಯಾಸಗಿ ಸ್ಲ್ಯಾಬಿಗೆ ಇದ ಹಾಳಿ ಬಳಸೂದಾದ್ರ: 40 ಡಿಗ್ರಿ ಕಾಂಕ್ರೀಟಿನ ಒಂದು ದಿನ 27ರ ಸುಮಾರು ಎರಡು ದಿನ. ಮೊದಮೊದಲು ಸರಿ ಬರತೈತಿ, 28 ದಿನಕ್ಕ ಹೆಚ್ಚು ಹೇಳತೈತಿ. ಬಿಸಿಗೆ ಗಡಬಡಿಸಿ ಹುಟ್ಟಿದ ಜೆಲ್ ಕಣಕ್ಕ ಚಿಪ್ಪಿನಂಗ ಅಂಟಿ, ನಡುವ ದೊಡ್ಡ ರಂಧ್ರ ಬಿಡತೈತಿ. ಸೂತ್ರಕ್ಕ ಅದು ಕಾಣೂದಿಲ್ಲ. ಪಿಪಿಸಿಗೆ ಈ ಪೆಟ್ಟು ಒಪಿಸಿಗಿಂತ ಕಡಿಮಿ.

ಕೃಷ್ಣಾತೀರ
ಹಾಳಿಯೊಳಗ 293.15 (ಕೆಲ್ವಿನ್‌ನಾಗ 20 ಡಿಗ್ರಿ) ಅಂತನ ಕುಂತಿತ್ತು. 300.15 ಹಾಕಿದ್ರ ಆಲ್ಫಾ 0.66ಕ್ಕ ಇಳೀತು. ಹಂಗಾದ್ರ ಆ 98 ನೂ ಹೊಸದಾಗಿ ತಗೀಬೇಕಲ್ಲ?

ಕುಂದಾನಗರಿ
ತಗೀಬೇಕ್ರಿ. ಅದೂ ಅದ ಹಾಳಿಯಾಗ ಹುಟ್ಟಿದ್ದು.