ಮೊಣಕಾಲು ನೋವಿದ್ದರೂ ಹಿಮದಲ್ಲಿ ನಡೆಯಬಹುದಾ? (ಡೆನ್ವರ್, ಮಾರ್ಚ್)

ಕೆಲಗೇರಿ ವಾಕಿಂಗ್:
ನಮಸ್ಕಾರ್ರೀ. ಮಗ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ, ಮಾರ್ಚ್ ಮೊದಲ ವಾರ ನಾವಿಬ್ಬರೂ ಹೊರಟಿದ್ದೇವೆ. ಸೊಸೆ ಈಗಲೇ ಪ್ಲಾನ್ ಹಾಕಿದ್ದಾಳೆ, ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನಲ್ಲಿ ಸ್ನೋಶೂ ಕಟ್ಟಿಕೊಂಡು ಬೇರ್ ಲೇಕ್ ಸುತ್ತೋದಂತೆ. ನನಗೆ 58, ಯಜಮಾನರಿಗೆ 64. ದಿನಾ ಕೆಲಗೇರಿ ಕೆರೆ ಕಡೆ ನಡೆಯುತ್ತೇವೆ, ಆದರೆ ಇಳಿಜಾರು ಬಂದರೆ ಅವರ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ. ಹಿಮ ಅಂತ ನಾವು ಕಂಡಿದ್ದು ಫ್ರಿಜ್ಜಿನೊಳಗೆ ಮಾತ್ರ. ಹೋಗಬಹುದಾ, ಇಲ್ಲಾ ಸುಮ್ನೆ ಕಾರಲ್ಲಿ ಕೂತು ನೋಡೋದು ವಾಸಿನಾ?

ಹುಬ್ಬಳ್ಳಿ ಹುಡುಗ:
ಧಾರಾಳವಾಗಿ ಹೋಗ್ರಿ ಅಕ್ಕಾರೆ. ಹೋದ ವರ್ಷ ಅಪ್ಪ ಅಮ್ಮನ್ನ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ. ಸ್ನೋಶೂ ಅಂದ್ರೆ ಕಾಲಿಗೆ ಮೊರ ಕಟ್ಟಿಕೊಂಡ ಹಾಗೆ, ಮೈಭಾರ ಅಗಲಕ್ಕೆ ಹಂಚಿಹೋಗುವುದರಿಂದ ಕಾಲು ಆಳಕ್ಕೆ ಹೂತುಹೋಗಲ್ಲ, ಅಡಿಯಲ್ಲಿರುವ ಲೋಹದ ಹಲ್ಲು ಜಾರದಂತೆ ಹಿಡಿಯುತ್ತದೆ. ಕಾಲು ಸ್ವಲ್ಪ ಅಗಲಿಸಿ ಇಡಿ. ಹಿಂದಕ್ಕೆ ಮಾತ್ರ ಹೆಜ್ಜೆ ಹಾಕಬೇಡಿ! ನಮ್ಮಪ್ಪ ಫೋಟೋಕ್ಕೆ ಅಂತ ಹಿಂದೆ ಸರಿದರು, ಸ್ನೋಶೂ ಬಾಲ ಹಿಮದಲ್ಲಿ ಸಿಕ್ಕಿಕೊಂಡು ಅಂಗಾತ ಬಿದ್ದರು, ಏಳೋಕೆ ಆಗದೆ ಅಲ್ಲೇ ನಗುತ್ತಾ ಮಲಗಿದ್ದರು.

ಪಕ್ಕದ ಎಸ್ಟೆಸ್ ಪಾರ್ಕ್ ಊರಲ್ಲಿ ಸ್ನೋಶೂ ಬಾಡಿಗೆಗೆ ಸಿಗುತ್ತವೆ. ಎರಡು ಕೋಲೂ ಕೇಳಿ ತಗೊಳ್ಳಿ, ಇಳಿಯುವಾಗ ಮೊಣಕಾಲಿನ ಮೇಲಿನ ಭಾರ ಅವು ಕಡಿಮೆ ಮಾಡುತ್ತವೆ. ಇನ್ನೊಂದು ಮಾತು, ಬೇರ್ ಲೇಕ್ ದಾರಿ ಜನ ತುಳಿದು ತುಳಿದು ಗಟ್ಟಿಯಾಗಿರುತ್ತದೆ. ಹೊಸ ಹಿಮ ಬೀಳದಿದ್ದರೆ ಶೂಗೆ ಹಾಕೋ ಮೊಳೆಪಟ್ಟಿ, ಮೈಕ್ರೋಸ್ಪೈಕ್ಸ್ ಅಂತಾರೆ, ಅದೇ ಸಾಕು. ಅಂಗಡಿಯವರನ್ನು ಅವತ್ತೇ ಕೇಳಿ.

ನುಗ್ಗಿಕೇರಿ ಭಕ್ತ:
ಅಷ್ಟು ದೂರ ಹೋಗಿ ಬೀಳೋದ್ಯಾಕ್ರೀ, ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ನಡೆದು ಬರ್ರಿ 😄

ಗದಗಿನ ಗುಡ್ಡಪ್ಪ:
ಹಿಮಕ್ಕಿಂತ ಎತ್ತರಕ್ಕೆ ಹೆದರಿ. ನಾನು ಕಪ್ಪತಗುಡ್ಡ ಸುತ್ತೋನು, ಏದುಸಿರು ಅಂದ್ರೆ ಗೊತ್ತು ಅಂದುಕೊಂಡಿದ್ದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಲ್ವಾ, ಬೇರ್ ಲೇಕ್ ಕಾರ್ ನಿಲ್ಲಿಸೋ ಜಾಗವೇ ಸುಮಾರು 2,890 ಮೀಟರ್. ಡೆನ್ವರ್ 1,600. ಅದಕ್ಕೆ ಇಳಿದ ಮರುದಿನವೇ ಹೊರಡಬೇಡಿ, ಮೂರು ನಾಲ್ಕು ದಿನ ಮಗನ ಮನೇಲಿ ಇದ್ದು, ನೀರು ಜಾಸ್ತಿ ಕುಡಿದು ಆಮೇಲೆ ಹೋಗಿ. ತಲೆನೋವು, ವಾಕರಿಕೆ ಶುರುವಾದರೆ ಮಾತಿಲ್ಲದೆ ಕೆಳಗಿಳಿಯಿರಿ. ಬಿಪಿ ಮಾತ್ರೆ ಇದ್ದರೆ ಇಲ್ಲೇ ಡಾಕ್ಟರನ್ನು ಕೇಳಿಕೊಂಡು ಹೋಗಿ.

ಬೇರ್ ಲೇಕ್ ಕೆರೆ ಸುತ್ತು ಸುಮಾರು ಒಂದು ಕಿಲೋಮೀಟರ್, ಅಷ್ಟೇ ಮಾಡಿ. ಅದಕ್ಕಿಂತ ಮೇಲಿರುವ ಡ್ರೀಮ್ ಲೇಕ್ ತನಕ ಏರು, ಅಲ್ಲಿಂದ ಎಮರಾಲ್ಡ್ ಲೇಕ್ ಕಡೆ ಹಿಮ ಕುಸಿಯುವ ಭಯವೂ ಇದೆ. ಬೆಳಿಗ್ಗೆ ಹೋಗಿ, ಮಾರ್ಚ್ ಬಿಸಿಲಿಗೆ ಮಧ್ಯಾಹ್ನ ಹಿಮ ಮೆತ್ತಗಾಗುತ್ತದೆ. ಕಪ್ಪು ಕನ್ನಡಕ ಮರೀಬೇಡಿ. ಕಾಟನ್ ಬನಿಯನ್ ಬೇಡ, ಬೆವರಿಗೆ ಒದ್ದೆಯಾದರೆ ಒಣಗೋದೇ ಇಲ್ಲ, ಚಳಿ ಹಿಡಿಯುತ್ತದೆ.

ಕೆಲಗೇರಿ ವಾಕಿಂಗ್:
ಅಯ್ಯೋ, ನಾಲ್ಕು ಕಾಟನ್ ಬನಿಯನ್ ಆಗಲೇ ಬ್ಯಾಗಿಗೆ ಹಾಕಿದ್ದೆ! ತೆಗೆದೆ. ಕೆರೆ ಒಂದು ಸುತ್ತು, ಅಷ್ಟೇ ಅಂತ ಸೊಸೆಗೆ ಹೇಳಿದ್ದೇನೆ. ಚಪಾತಿ, ಶೇಂಗಾ ಚಟ್ನಿ ಒಯ್ಯುತ್ತೇನೆ. ಪೇಡೆ ಚಳಿಗೆ ಕಲ್ಲಾಗುತ್ತಾ?

ಹುಬ್ಬಳ್ಳಿ ಹುಡುಗ:
ಆಗುತ್ತೆ. ಜಾಕೀಟಿನ ಒಳಜೇಬಿನಲ್ಲಿಡಿ, ನೀರಿನ ಬಾಟಲಿನೂ ಅಲ್ಲೇ.